ಸೊಂಟದ ಪಿಸ್ತೂಲಿಗೊಂದು ಪಂಚಾಂಗ

ಅಮೆರಿಕದಲ್ಲಿ ಪಿಸ್ತೂಲನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದೇ? ಉತ್ತರ ಬೇಕಿದ್ದರೆ ಮೊದಲು ಕೆಲವು ವಿವರ ಕೊಡಿ. ನೀವು ನಿಂತ ನೆಲ ಯಾವ ರಾಜ್ಯದ್ದು? ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಜನಸಂಖ್ಯೆ ಎರಡು ಲಕ್ಷದ ಒಳಗೋ ಹೊರಗೋ? ಹತ್ತಿರದ ಶಾಲೆಯ ಕಾಂಪೌಂಡು ಎಷ್ಟು ಅಡಿ ದೂರ? ಎದುರಿನ ಹೋಟೆಲಿನ ವರಮಾನದಲ್ಲಿ ಮದ್ಯದ ಪಾಲೆಷ್ಟು? ಅದರ ಬಾಗಿಲ ಮೇಲಿನ ಬೋರ್ಡಿನಲ್ಲಿ ಅಕ್ಷರ ಎಷ್ಟು ಇಂಚು? ಅಂದಹಾಗೆ, ನಿಮ್ಮ ಮನಸ್ಸಿನಲ್ಲಿ ಏನಿದೆ? ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಐದೇ ಅಂಗಕ್ಕೆ ತೃಪ್ತಿಪಟ್ಟುಕೊಂಡ ನಮ್ಮ ಜೋಯಿಸರು ಪಾಪ, ಬಹಳ ಸರಳ ಜನ.

ಬಂದೂಕಿನ ಹಕ್ಕು ಕೊಡುವ, ಸಂವಿಧಾನದ 1791ರ ಎರಡನೇ ತಿದ್ದುಪಡಿ ಇಂಗ್ಲಿಷಿನಲ್ಲಿ ಬರೀ 27 ಪದ. ಅದರ ಮೇಲೆ ಒಕ್ಕೂಟ ಸರ್ಕಾರದ ಕಾನೂನು, ಆಮೇಲೆ 50 ರಾಜ್ಯಗಳ ಕಾನೂನು, ಅದರಡಿ ನಗರಸಭೆಗಳ ಉಪನಿಯಮ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಒಂದು ಕಡೆಯಾದರೆ, ಪೂಜಾರಿ ಕೊಟ್ಟದ್ದನ್ನು ದೇವರೇ ಕಿತ್ತುಕೊಳ್ಳುವುದು ಇನ್ನೊಂದು ಕಡೆ.

ಪೆನ್ಸಿಲ್ವೇನಿಯಾ ನೋಡಿ. ಅಲ್ಲಿ ಪಿಸ್ತೂಲು ಕಾಣುವಂತೆ ಇಟ್ಟುಕೊಂಡು ನಡೆಯಲು ಲೈಸೆನ್ಸ್ ಬೇಡ. ಆದರೆ 'ಮೊದಲ ದರ್ಜೆಯ ನಗರ'ದಲ್ಲಿ ಬೇಕು ಎನ್ನುತ್ತದೆ ರಾಜ್ಯದ ಕಾನೂನಿನ ಒಂದು ಕಲಮು. ಇಡೀ ರಾಜ್ಯದಲ್ಲಿ ಮೊದಲ ದರ್ಜೆಯ ನಗರ ಎಷ್ಟಿವೆ? ಒಂದೇ, ಫಿಲಡೆಲ್ಫಿಯಾ. ಸಿಟಿ ಅವೆನ್ಯೂ ಎಂಬ ರಸ್ತೆಯ ಒಂದು ಬದಿ ಫಿಲಡೆಲ್ಫಿಯಾ, ಇನ್ನೊಂದು ಬದಿ ಮಾಂಟ್ಗೊಮರಿ ಕೌಂಟಿ. ಹಸಿರು ದೀಪ ಬಿತ್ತೆಂದು ರಸ್ತೆ ದಾಟಿದವನು ಆ ಬದಿ ಮುಟ್ಟುವ ಹೊತ್ತಿಗೆ ಆರೋಪಿ. ಹೋಗಲಿ, ಈಚೆ ಬದಿಯಲ್ಲೇ ಇದ್ದು ಕಾರು ಹತ್ತೋಣ ಎಂದರೆ ಅದೂ ಕಷ್ಟ: ಕೆಲವು ವಿನಾಯಿತಿ ಬಿಟ್ಟರೆ ವಾಹನದೊಳಗೆ ಪಿಸ್ತೂಲಿಗೆ ರಾಜ್ಯದಾದ್ಯಂತ ಲೈಸೆನ್ಸ್ ಬೇಕು. ನಡೆದರೆ ನಾಗರಿಕ, ಕುಳಿತರೆ ಅಪರಾಧಿ. ಫಿಲಡೆಲ್ಫಿಯಾದ ಕಲಮು ಸಮಾನತೆಗೆ ವಿರುದ್ಧ ಎಂದು ರಾಜ್ಯದ ಮೇಲ್ಮನವಿ ನ್ಯಾಯಾಲಯವಾದ ಸುಪೀರಿಯರ್ ಕೋರ್ಟು 2025ರ ಜೂನ್‌ನಲ್ಲಿ ಹೇಳಿತು. ಒಂದೇ ಊರಿಗೆಂದು ಬರೆದ ನಿಯಮ ಎಲ್ಲರಿಗೂ ಸಮಾನವಲ್ಲ ಎಂಬುದು ಹೊಳೆಯಲು ಇಷ್ಟು ದಶಕ ಬೇಕಾಯಿತು.

ಫ್ಲಾರಿಡಾದಲ್ಲಿ 1987ರಿಂದ ಪಿಸ್ತೂಲು ಕಾಣಬಾರದೆಂದಿತ್ತು. ಅಂಗಿಯೊಳಗೆ ಬಚ್ಚಿಟ್ಟವನು ಸಭ್ಯ, ಗಾಳಿಗೆ ಅಂಗಿ ಹಾರಿದವನು ಸಂಶಯಾಸ್ಪದ. ಆದರೆ ಬೇಟೆ, ಮೀನು ಹಿಡಿಯುವುದು, ಕ್ಯಾಂಪಿಂಗ್, ಇವಕ್ಕೆ ಹೋಗುವಾಗ ಬರುವಾಗ ವಿನಾಯಿತಿ. ಬಂದೂಕುಪ್ರಿಯರು ಕಾನೂನು ಓದಿದರು, ಅಂಗಡಿಗೆ ಹೋಗಿ ಗಾಳ ತಂದರು. ಸಮುದ್ರದಂಚಿನ ಕಟ್ಟೆಗಳ ಮೇಲೆ ಕೈಯಲ್ಲಿ ಗಾಳ, ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡ ಭಕ್ತಾದಿಗಳ ಸಾಲು ನಿಂತಿತು. ಮೀನು ಸಿಗಲೇಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ನಿಷೇಧವೇ ಸಂವಿಧಾನಬಾಹಿರ ಎಂದಿತು, ಇದು ಇಡೀ ರಾಜ್ಯಕ್ಕೂ ಅನ್ವಯ ಎಂದು ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಹಿರಿಯ ವಕೀಲ) ಪೊಲೀಸರಿಗೆ ತಿಳಿಸಿದರು. ಮೀನುಗಳು ನಿಟ್ಟುಸಿರು ಬಿಟ್ಟಿರಬೇಕು.

ಇದೇ ಫ್ಲಾರಿಡಾದಲ್ಲಿ ನಿಜವಾಗಿ ಹೆದರಬೇಕಾದವನು ಬಂದೂಕಿನವನಲ್ಲ, ಮೇಯರ್. ಬಂದೂಕಿನ ವಿಷಯದಲ್ಲಿ ಊರುಗಳು ತಮ್ಮದೇ ನಿಯಮ ಮಾಡುವಂತಿಲ್ಲವೆಂದು ರಾಜ್ಯ ಮೊದಲೇ ಹೇಳಿತ್ತು. 2011ರಲ್ಲಿ ಅದಕ್ಕೆ ಹಲ್ಲು ಕೂರಿಸಿದರು: ಬೇಕೆಂದೇ ನಿಯಮ ಮಾಡಿದ ಜನಪ್ರತಿನಿಧಿಗೆ 5,000 ಡಾಲರ್‌ವರೆಗೆ ದಂಡ, ಅದೂ ಸ್ವಂತ ಜೇಬಿನಿಂದ. ಬೇಕಾದರೆ ಗವರ್ನರ್ (ರಾಜ್ಯದ ಆಡಳಿತ ಮುಖ್ಯಸ್ಥ) ಅವನನ್ನು ಕುರ್ಚಿಯಿಂದಲೂ ಇಳಿಸಬಹುದು. 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಗೊಂದಲದ ಬೇರು ಇಲ್ಲೇ ಇದೆ. 40ಕ್ಕೂ ಹೆಚ್ಚು ರಾಜ್ಯಗಳು ಊರುಗಳ ಕೈ ಕಟ್ಟಿವೆ. ಆದರೆ ಸತ್ತ ಉಪನಿಯಮವನ್ನು ಪುಸ್ತಕದಿಂದ ತೆಗೆಯುವುದಕ್ಕೂ ಒಂದು ಠರಾವು ಬೇಕು, ಪಾರ್ಕಿನ ಗೇಟಿನ ಬೋರ್ಡು ಬಿಚ್ಚುವುದಕ್ಕೆ ಒಬ್ಬ ಆಳು ಬೇಕು. ಎರಡೂ ಆಗದೆ ಬೋರ್ಡು ನೇತಾಡುತ್ತಿರುತ್ತದೆ. ಅದನ್ನು ನಂಬಿ ಹೊಸ ಪೊಲೀಸಿನವನು ಒಬ್ಬನನ್ನು ಹಿಡಿಯುತ್ತಾನೆ, ಹಿಡಿಸಿಕೊಂಡವನು ದಾವೆ ಹೂಡುತ್ತಾನೆ, ಪರಿಹಾರ ಊರಿನ ತೆರಿಗೆಯಿಂದ ಹೋಗುತ್ತದೆ.

ಟೆಕ್ಸಾಸಿಗೆ ಬನ್ನಿ. ಬಂದೂಕಿನ ನಾಡೆಂದು ಹೆಸರಾದ ಈ ರಾಜ್ಯ 1871ರಲ್ಲೇ ಪಿಸ್ತೂಲು ಹೊತ್ತು ತಿರುಗುವುದನ್ನು ನಿಷೇಧಿಸಿತ್ತು. ಲೈಸೆನ್ಸ್ ಇದ್ದವರಿಗೆ ಸೊಂಟದ ಪಿಸ್ತೂಲು ತೋರಿಸುವ ಭಾಗ್ಯ ಸಿಕ್ಕಿದ್ದು 2016ರ ಜನವರಿ 1ರಂದು. ರೈಫಲ್‌ಗೆ ಮಾತ್ರ ಅಂಥ ತಡೆ ಇರಲಿಲ್ಲ. ಅಂಗೈಯಗಲದ್ದು ಕಂಡರೆ ಜೈಲು, ಹೆಗಲಿಂದ ಮೊಣಕಾಲಿನವರೆಗೆ ತೂಗುವುದನ್ನು ಹೊತ್ತು ಬರ್ಗರ್ ತಿನ್ನಲು ಹೋದರೆ ಸ್ವಾತಂತ್ರ್ಯ. ಚಾಕುವಿನ ಕತೆ ಇನ್ನೂ ಚೆಂದ. ಅಲಾಮೊ ಕೋಟೆಯಲ್ಲಿ ಸತ್ತ ಜಿಮ್ ಬೋವಿ ಟೆಕ್ಸಾಸಿನ ವೀರ, ಅವನ ಹೆಸರಿನ ಬೋವಿ ಚಾಕು ಮನೆಮಾತು. ಅದನ್ನು ಅದೇ ಟೆಕ್ಸಾಸಿನ ಬೀದಿಯಲ್ಲಿ ಹಿಡಿದು ನಡೆಯುವುದು 2017ರ ಸೆಪ್ಟೆಂಬರ್‌ವರೆಗೆ ಅಪರಾಧವಾಗಿತ್ತು. ಅಷ್ಟರಲ್ಲಿ ಪಿಸ್ತೂಲು ಸಕ್ರಮವಾಗಿ ಒಂದೂವರೆ ವರ್ಷ ದಾಟಿತ್ತು.

2021ರ ಸೆಪ್ಟೆಂಬರ್‌ನಿಂದ 21 ತುಂಬಿದವರಿಗೆ ಪಿಸ್ತೂಲು ಹೊರಲು ಲೈಸೆನ್ಸೂ ಬೇಡ. ಗೊಂದಲ ಮುಗಿಯಿತೆಂದುಕೊಂಡ ಅಂಗಡಿಯವನಿಗೆ ಬೋರ್ಡಿನ ಕೆಲಸ ಶುರುವಾಯಿತು. ಲೈಸೆನ್ಸ್ ಇದ್ದು ಬಚ್ಚಿಟ್ಟುಕೊಂಡವನನ್ನು ತಡೆಯಲು ದಂಡಸಂಹಿತೆಯ 30.06 ಕಲಮಿನ ಬೋರ್ಡು. ಲೈಸೆನ್ಸ್ ಇದ್ದು ತೋರಿಸಿಕೊಂಡವನಿಗೆ 30.07. ಲೈಸೆನ್ಸೇ ಇಲ್ಲದವನಿಗೆ 30.05. ಯಾರೂ ಬರಬಾರದೆಂದರೆ ಮೂರನ್ನೂ ಹಾಕಬೇಕು. ಪ್ರತಿಯೊಂದೂ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕಡೇಪಕ್ಷ ಒಂದು ಇಂಚು ಎತ್ತರ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ. ಒಂದೊಂದು ವಾಕ್ಯದಲ್ಲೂ ಕಲಮು, ಅಧ್ಯಾಯ, ಉಪಾಧ್ಯಾಯಗಳ ಮೆರವಣಿಗೆ. ಇಂಚಿನ ಅಕ್ಷರದಲ್ಲಿ ಎರಡು ಭಾಷೆಯಲ್ಲಿ ಬರೆದರೆ ಗಾಜಿನ ಬಾಗಿಲಿನ ಗಾಜು ಮಾಯವಾಗುತ್ತದೆ. ಮುಕ್ಕಾಲು ಇಂಚಿನ ಅಕ್ಷರ ಹಾಕಿ ಮುದ್ರಣದ ಖರ್ಚು ಉಳಿಸಿದವನ ಬೋರ್ಡು ಕಾನೂನಿನ ಕಣ್ಣಿಗೆ ಬೋರ್ಡೇ ಅಲ್ಲ. ಪಿಸ್ತೂಲಿನ ಮೇಲೆ ಅಡ್ಡಗೆರೆ ಎಳೆದ ಚಿತ್ರ ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ಲೈಸೆನ್ಸ್ ಪಡೆದವನಿಗೆ ಅದು ಸಾಲದು. ಇಷ್ಟೆಲ್ಲ ಆದಮೇಲೆ ಒಂದು ಗುಟ್ಟು: ಮಾಲೀಕ ಹೊರಗೆ ಬಂದು 'ಅದನ್ನಿಟ್ಟುಕೊಂಡು ಒಳಗೆ ಬರಬೇಡ' ಎಂದು ಬಾಯಲ್ಲಿ ಹೇಳಿದರೂ ಕಾನೂನಿಗೆ ಸಾಕು.

ಬಾರಿನದು ಬೇರೆಯೇ ಲೆಕ್ಕ. ವರಮಾನದ 51 ಶೇಕಡಾ ಅಥವಾ ಹೆಚ್ಚು ಅಲ್ಲೇ ಕೂತು ಕುಡಿಯುವ ಮದ್ಯದಿಂದ ಬಂದರೆ ಕೆಂಪು ಅಕ್ಷರದಲ್ಲಿ '51%' ಎಂಬ ಬೋರ್ಡು. ಅಲ್ಲಿಗೆ ಪಿಸ್ತೂಲು ಒಯ್ಯುವಂತಿಲ್ಲ. 50 ಶೇಕಡಾ ಮದ್ಯ, 50 ಶೇಕಡಾ ಕೋಳಿ ಮಾರುವಲ್ಲಿ ಈ ನಿಷೇಧವಿಲ್ಲ. ಸುರಕ್ಷತೆಯ ಅಳತೆ ಕುಡಿದವನ ಹೊಟ್ಟೆಯಲ್ಲಿಲ್ಲ, ಲೆಕ್ಕಪರಿಶೋಧಕನ ಪುಸ್ತಕದಲ್ಲಿದೆ. ಆಸ್ಟಿನ್‌ನ ಶಾಸನಸಭೆ ಕಟ್ಟಡದಲ್ಲಂತೂ ಪಿಸ್ತೂಲಿನ ಲೈಸೆನ್ಸ್ ತೋರಿಸಿದವರಿಗೆ ಲೋಹಶೋಧಕದ ಸಾಲಿನಿಂದ ಮುಕ್ತಿ. ಬರಿಗೈಯವರು ಬೆಲ್ಟು ಬಿಚ್ಚಿ ಸಾಲಿನಲ್ಲಿ ನಿಲ್ಲಬೇಕು. ಶಾಸಕರ ಮನವೊಲಿಸುವುದೇ ಕಸುಬಾದ, ಸಮಯದ ಬೆಲೆ ಬಲ್ಲ ಲಾಬಿಗಾರರು ಬಂದೂಕು ಬೇಡವಾದರೂ ಲೈಸೆನ್ಸ್ ಮಾಡಿಸಿಕೊಂಡರು.

ಮಿಸೌರಿಯಲ್ಲಿ ಊರುಗಳು ಬಹಿರಂಗ ಪಿಸ್ತೂಲನ್ನು ನಿಷೇಧಿಸಬಹುದು. ಆದರೆ ಪಿಸ್ತೂಲು ಬಚ್ಚಿಟ್ಟುಕೊಳ್ಳುವ ಪರ್ಮಿಟ್ ನಿಮ್ಮಲ್ಲಿದ್ದರೆ ಆ ಊರಿನಲ್ಲೂ ತೋರಿಸಬಹುದು. ವರ್ಜೀನಿಯಾದಲ್ಲಿ 2010ರಿಂದ ಬಚ್ಚಿಟ್ಟ ಪಿಸ್ತೂಲಿನವನು ಮದ್ಯ ಮಾರುವ ಹೋಟೆಲಿಗೆ ಹೋಗಬಹುದು, ಕುಡಿಯುವಂತಿಲ್ಲ. ಮೇಜಿನ ಆಚೆ ಪಿಸ್ತೂಲು ತೋರಿಸಿಕೊಂಡು ಕುಳಿತವನಿಗೆ ಆ ಕಲಮು ತಾಗುವುದಿಲ್ಲ. ಬಿಯರು ಬಂತೆಂದರೆ ಅಂಗಿ ಎತ್ತಿ ಸಿಕ್ಕಿಸಿಕೊಳ್ಳಿ.

ಆರ್ಕನ್ಸಾ ಮನಸ್ಸನ್ನೇ ತೂಗಲು ಹೊರಟಿತು. 2013ರ 746ನೇ ಕಾಯ್ದೆಯ ಪ್ರಕಾರ ಪಿಸ್ತೂಲು ಹೊಂದಿರುವುದು ಅಪರಾಧವಲ್ಲ. ಅದನ್ನು ಇನ್ನೊಬ್ಬರ ಮೇಲೆ ಅಕ್ರಮವಾಗಿ ಬಳಸುವ ಉದ್ದೇಶ ಇದ್ದರಷ್ಟೇ ಅಪರಾಧ. ಹಾಗಾದರೆ ಬೀದಿಯಲ್ಲಿ ಬಹಿರಂಗವಾಗಿ ಹೊರಬಹುದೇ? ಇದರಿಂದ ಆ ಅನುಮತಿ ಸಿಕ್ಕಿಲ್ಲ ಎಂದರು ಆಗಿನ ಅಟಾರ್ನಿ ಜನರಲ್. ಸಾಮಾನ್ಯವಾಗಿ ಹೊರಬಹುದು ಎಂದರು 2015ರಲ್ಲಿ ಅದೇ ಕುರ್ಚಿಗೆ ಬಂದವರು. ಕಾಯ್ದೆಯ ಒಂದು ಅಕ್ಷರವೂ ನಡುವೆ ಬದಲಾಗಿರಲಿಲ್ಲ, ಕುರ್ಚಿಯಲ್ಲಿ ಕುಳಿತವರು ಬದಲಾಗಿದ್ದರು. ಇಬ್ಬರ ಅಭಿಪ್ರಾಯಕ್ಕೂ ಕೋರ್ಟನ್ನು ಕಟ್ಟಿಹಾಕುವ ಬಲವಿಲ್ಲ. ನಡುವೆ ಸಿಕ್ಕಿಕೊಂಡವನು ಪೊಲೀಸು: ಎದುರಿಗೆ ಬರುತ್ತಿರುವವನ ಸೊಂಟ ಕಾಣುತ್ತದೆ, ಉದ್ದೇಶ ಕಾಣುವುದಿಲ್ಲ. ಉದ್ದೇಶ ಕಾಣುವ ಹೊತ್ತಿಗೆ ಕಲಮಿನಿಂದ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಘನವಾದದ್ದು ಒಕ್ಕೂಟ ಸರ್ಕಾರದ ಶಾಲಾವಲಯ ಕಾನೂನು. 1990ರಲ್ಲಿ ಬಂತು, 1995ರಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು, 1996ರಲ್ಲಿ ಒಕ್ಕೂಟದ ಅಧಿಕಾರಕ್ಕೆ ಒಳಪಡುವ 'ಅಂತರರಾಜ್ಯ ವಾಣಿಜ್ಯ'ದ ಒಗ್ಗರಣೆ ಹಾಕಿ ಮತ್ತೆ ಬಡಿಸಿದರು. ಶಾಲೆಯ ಎಲ್ಲೆಯಿಂದ 1,000 ಅಡಿಯೊಳಗೆ, ಅಂದರೆ ಸುಮಾರು 305 ಮೀಟರ್ ಒಳಗೆ, ಸಾರ್ವಜನಿಕ ಜಾಗದಲ್ಲಿ ಬಂದೂಕು ಇದ್ದರೆ 5 ವರ್ಷದವರೆಗೆ ಸೆರೆ. ಮುಖ್ಯ ವಿನಾಯಿತಿ: ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇರಬೇಕು. ಈಗ 29 ರಾಜ್ಯಗಳು ಲೈಸೆನ್ಸೇ ಬೇಡ ಎಂದು ಘೋಷಿಸಿವೆಯಲ್ಲ? ರಾಜ್ಯದ ಮಾತು ನಂಬಿ ಲೈಸೆನ್ಸ್ ಮಾಡಿಸದವನು ಶಾಲೆಯ ಪಕ್ಕದ ಬೀದಿಗೆ ಕಾಲಿಟ್ಟರೆ ಒಕ್ಕೂಟ ಸರ್ಕಾರಕ್ಕೆ ಅಪರಾಧಿ. ನಗರದ ನಕ್ಷೆಯಲ್ಲಿ ಪ್ರತಿ ಶಾಲೆಯ ಸುತ್ತ 1,000 ಅಡಿಯ ವೃತ್ತ ಎಳೆದು ನೋಡಿ, ವೃತ್ತಕ್ಕೆ ವೃತ್ತ ಅಂಟಿ ನಡೆಯಲು ಜಾಗವೇ ಉಳಿಯುವುದಿಲ್ಲ. ಗುಂಡು ತೆಗೆದು ಬೀಗದ ಪೆಟ್ಟಿಗೆಯಲ್ಲಿಟ್ಟರೆ ತಪ್ಪಿಲ್ಲ. ಪೆಟ್ಟಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಶೌರ್ಯ ತೋರಿಸುವುದು ಮಾತ್ರ ಕಷ್ಟ. ಹೀಗಾಗಿ 'ಲೈಸೆನ್ಸ್ ಬೇಡ' ಎಂದ ರಾಜ್ಯಗಳೇ ಕೌಂಟರಿನಲ್ಲಿ ಶುಲ್ಕ ಕಟ್ಟಿಸಿಕೊಂಡು ಲೈಸೆನ್ಸ್ ಕೊಡುತ್ತಿವೆ. ಮೊಂಟಾನ ಇನ್ನೂ ಚುರುಕು: ಕೆಲವು ಅಪರಾಧಿಗಳನ್ನು ಬಿಟ್ಟು ಉಳಿದವರೆಲ್ಲರಿಗೂ ಲೈಸೆನ್ಸ್ ಕೊಟ್ಟಂತೆಯೇ ಎಂದು ಕಾನೂನಿನಲ್ಲಿ ಬರೆದಿಟ್ಟಿದೆ. ಅರ್ಜಿಯಿಲ್ಲ, ಫೋಟೋ ಇಲ್ಲ, ಕಾರ್ಡೂ ಇಲ್ಲ.

ರಾಷ್ಟ್ರೀಯ ಉದ್ಯಾನಗಳಲ್ಲಿ ಬಂದೂಕಿಗೆ ರಾಜ್ಯದ ಕಾನೂನೇ ಅನ್ವಯ ಎಂಬ ನಿಯಮ 2010ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದು ಅಂಟಿಕೊಂಡು ಬಂದ ಮಸೂದೆ ಯಾವುದು ಗೊತ್ತೇ? ಕ್ರೆಡಿಟ್ ಕಾರ್ಡ್ ಸುಧಾರಣೆಯದು. ಯೆಲ್ಲೊಸ್ಟೋನ್ ಮೂರು ರಾಜ್ಯಗಳಲ್ಲಿ ಹರಡಿದೆ, ಕರಡಿ ಅಟ್ಟಿಸಿಕೊಂಡು ಬಂದರೆ ಯಾವ ರಾಜ್ಯದತ್ತ ಓಡುವುದೆಂದು ಮೊದಲೇ ತೀರ್ಮಾನಿಸಿ. ಸಂದರ್ಶಕರ ಕೇಂದ್ರದ ಬಾಗಿಲು ದಾಟುವಂತಿಲ್ಲ, ಅದು ಒಕ್ಕೂಟದ ಕಟ್ಟಡ.

ರಾಜಕಾರಣಿಗಳು ತಮ್ಮ ಮೈ ವಿಷಯ ಬಂದಾಗ ಹೇಗಿರುತ್ತಾರೆ ನೋಡಿ. 2012ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆದಾಗ ಸುತ್ತಲ ವಲಯದಲ್ಲಿ ನೀರಿನ ಪಿಸ್ತೂಲು ನಿಷಿದ್ಧ. ಪರ್ಮಿಟ್ ಇದ್ದ ನಿಜವಾದ ಪಿಸ್ತೂಲನ್ನು ಊರು ಮುಟ್ಟುವಂತಿರಲಿಲ್ಲ. ಅದನ್ನೂ ನಿಷೇಧಿಸಿ ಎಂದು ಮೇಯರ್ ಕೇಳಿದರು, ಗವರ್ನರ್ ಒಪ್ಪಲಿಲ್ಲ. 2016ರಲ್ಲಿ ಅದೇ ಪಕ್ಷದ ಕ್ಲೀವ್‌ಲೆಂಡ್ ಸಮಾವೇಶದಲ್ಲಿ ಆ ಅಪಾಯಕಾರಿ ಪಟ್ಟಿಗೆ ಟೆನಿಸ್ ಚೆಂಡೂ ಸೇರಿತು. 2020ರ ಏಪ್ರಿಲ್ 30ರಂದು ಮಿಷಿಗನ್ ಶಾಸನಸಭೆಯ ಗ್ಯಾಲರಿಯಲ್ಲಿ ರೈಫಲ್ ಹಿಡಿದು ನಿಂತವರಿಗೆ ಅಡ್ಡಿಯಿರಲಿಲ್ಲ, ಘೋಷಣೆಯ ಫಲಕಕ್ಕೆ ಪ್ರವೇಶವಿರಲಿಲ್ಲ. ಫಲಕದ ಕೋಲು ತಾಗಿದರೆ ಗೋಡೆಯ ಬಣ್ಣ ಹೋಗುತ್ತದಲ್ಲ.

ಕ್ಯಾಲಿಫೋರ್ನಿಯಾ ಗುಂಡು ತುಂಬಿದ ಬಂದೂಕನ್ನು ಬೀದಿಯಲ್ಲಿ ಹೊರುವುದನ್ನು ನಿಷೇಧಿಸಿದ್ದು 1967ರಲ್ಲಿ. ಆ ವರ್ಷ ಮೇ 2ರಂದು ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಯುವಕರು ಬಂದೂಕು ಹಿಡಿದು ಸ್ಯಾಕ್ರಮೆಂಟೊದ ಶಾಸನಸಭೆಗೆ ಬಂದಿದ್ದರು. ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು, ಬಂದೂಕುದಾರರ ರಾಷ್ಟ್ರೀಯ ಸಂಘವೂ ತಲೆಯಾಡಿಸಿತು. ಹಕ್ಕು ಪವಿತ್ರವೆನ್ನುವವರಿಗೆ ಅದನ್ನು ಹಿಡಿದ ಕೈಯ ಬಣ್ಣ ಅಂದು ಚೆನ್ನಾಗಿ ಕಂಡಿತು. ಬಳಿಕ ಎರಡು ಲಕ್ಷಕ್ಕಿಂತ ಕಡಿಮೆ ಜನರಿರುವ ಕೌಂಟಿಯಲ್ಲಿ, ಆ ಕೌಂಟಿಯೊಳಗೆ ಮಾತ್ರ, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಬಹಿರಂಗವಾಗಿ ಹೊರುವ ಲೈಸೆನ್ಸ್ ಕೊಡಬಹುದು ಎಂದು ಬರೆದಿಟ್ಟರು. ಊರಿನಲ್ಲಿ ಹೆರಿಗೆಗಳು ಹೆಚ್ಚಾದರೆ ಲೈಸೆನ್ಸ್ ಹೋಗುತ್ತದೆ.

ಅಲ್ಲಿರುವ ಕನ್ನಡಿಗರಿಗೂ ಇದರಲ್ಲಿ ಪಾಲಿದೆ. ಎಚ್-1ಬಿ ಎಂಬ ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಮಗನ ಮನೆಗೆ ಬಂದ ಅಪ್ಪ-ಅಮ್ಮನ ಪ್ರವಾಸಿ ವೀಸಾ, ಇವರಾರೂ ಬಂದೂಕು ಹೊಂದುವಂತಿಲ್ಲ. ರಾಜ್ಯ ಎಷ್ಟೇ ಉದಾರಿಯಾಗಿರಲಿ, ಇದು ಒಕ್ಕೂಟದ ಕಾನೂನು, 2022ರಿಂದ ಶಿಕ್ಷೆ 15 ವರ್ಷದವರೆಗೆ. ವಾರಾಂತ್ಯದಲ್ಲಿ ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೋ ತೆಗೆಸಿಕೊಂಡರೂ ಅದು ಕೈಯಲ್ಲಿದ್ದದ್ದೇ. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಮಡಿಕೇರಿಯ ಮನೆಯಲ್ಲಿ ಕೋವಿಗೆ 2029ರ ಅಕ್ಟೋಬರ್ ಕೊನೆಯವರೆಗೆ ಲೈಸೆನ್ಸ್ ವಿನಾಯಿತಿ ಇರುವ ಕೊಡವ ಎಂಜಿನಿಯರ್ ಕೂಡ ಡಲ್ಲಾಸ್‌ನಲ್ಲಿ ಬರಿಗೈಯಲ್ಲೇ ಇರಬೇಕು, ಸುತ್ತಮುತ್ತಲಿನವರೆಲ್ಲ ಲೈಸೆನ್ಸಿಲ್ಲದೆ ಹೊತ್ತು ತಿರುಗುತ್ತಿದ್ದರೂ.

ಪರಿಹಾರ ಇದೆ, ಕಾನೂನಿನಲ್ಲೇ ಇದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ತೆಗೆದುಕೊಳ್ಳಿ. ಅದು ಜೇಬಿಗೆ ಬಿದ್ದ ಕ್ಷಣದಿಂದ ಎಚ್-1ಬಿಯವರೂ ಬಂದೂಕು ಕೊಳ್ಳಬಹುದು, ಅಂಗಡಿಯಲ್ಲಿ ಬಂದೂಕು ಖರೀದಿಯ 4473 ನಮೂನೆ ತುಂಬುವಾಗ ಅದನ್ನು ತೋರಿಸಿದರಾಯಿತು. ಜಿಂಕೆ ಹೊಡೆಯಲೇಬೇಕೆಂಬ ಷರತ್ತಿಲ್ಲ. ಅವಧಿ ಮುಗಿಯುವ ತಾರೀಕನ್ನು ಮಾತ್ರ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನವೀಕರಿಸಲು ಮರೆತರೆ ಮರುದಿನದಿಂದ ಬೀರುವಿನಲ್ಲಿರುವ ಅದೇ ಪಿಸ್ತೂಲು 15 ವರ್ಷದ ಬಾಬತ್ತು.