ಇನ್ಯೋ ಕೌಂಟಿಯ ನೀರು ಮೊದಲು ಯಾರದು?

ಲಾಸ್ ಏಂಜಲೀಸ್ ನಗರ ಓವೆನ್ಸ್ ಕಣಿವೆಯ ನೀರನ್ನು ಹೊಡೆದುಕೊಂಡು ಹೋದ ಕಥೆಯನ್ನು ಸಾಮಾನ್ಯವಾಗಿ 1905ರಿಂದ ಶುರು ಮಾಡುತ್ತಾರೆ. ನಗರ ಖಳನಾಯಕ, ರೈತ ನಾಯಕ. ನನ್ನ ತಕರಾರು ಈ ಆರಂಭದ ಬಗ್ಗೆಯೇ.

ಆ ಕಣಿವೆ ಇರುವುದು ಇನ್ಯೋದಲ್ಲಿ, ಕ್ಯಾಲಿಫೋರ್ನಿಯಾದ ಪೂರ್ವ ಅಂಚಿನ ಕೌಂಟಿ (ಜಿಲ್ಲೆ). ವಿಸ್ತೀರ್ಣದಲ್ಲಿ ರಾಜ್ಯಕ್ಕೇ ಎರಡನೆಯದು. ಜನ ಮಾತ್ರ ಸುಮಾರು 19 ಸಾವಿರ. ಸಿಯೆರಾ ನೆವಾಡಾದ ಹಿಮ ಕರಗಿ ಹರಿಯುವ ತೊರೆಗಳಿಗೆ, ಬಿಳಿಯರು ಕಾಲಿಡುವ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನ ಕಾಲುವೆ ತೋಡಿದ್ದರು. ಈಗ ಬಿಷಪ್ ಪಟ್ಟಣ ಇರುವಲ್ಲಿ ವಸಂತ ಬಂದರೆ ತೊರೆಗೆ ಅಡ್ಡಗಟ್ಟೆ ಹಾಕಿ, ಗೆಡ್ಡೆ ಬಿಡುವ ಕಾಡುಗಿಡಗಳ ಬಯಲಿಗೆ ನೀರು ತಿರುಗಿಸುತ್ತಿದ್ದರು. ಒಂದು ವರ್ಷ ಉತ್ತರದ ಬಯಲು, ಮರುವರ್ಷ ದಕ್ಷಿಣದ್ದು. ಅದಕ್ಕೊಬ್ಬ ನೀರುಗಂಟಿ; ಅವನನ್ನು ಜನರೇ ಆರಿಸುತ್ತಿದ್ದರು. ಕೊಯ್ಲಿನ ಕಾಲಕ್ಕೆ ಕಟ್ಟೆ ಒಡೆದು, ಬತ್ತಿದ ಕಾಲುವೆಯಲ್ಲಿ ಮೀನು ಹೆಕ್ಕುತ್ತಿದ್ದರು.

1861ರಲ್ಲಿ ಬಿಳಿಯರು ದನ ಹೊಡೆದುಕೊಂಡು ಬಂದರು. ದನಗಳು ಆ ಬಯಲನ್ನೇ ಮೇಯ್ದವು. ಚಳಿಗಾಲದಲ್ಲಿ ಹಸಿದ ಪೈಯೂಟರು ದನ ಕಡಿದರು, ಯುದ್ಧವಾಯಿತು. 1863ರ ಬೇಸಿಗೆಯಲ್ಲಿ ಸೈನ್ಯ ಸಾವಿರಕ್ಕೆ ಹತ್ತಿರದಷ್ಟು ಪೈಯೂಟರನ್ನು ದೂರದ ಫೋರ್ಟ್ ತೆಹೋನ್ ಸೇನಾ ಠಾಣೆಗೆ ಅಟ್ಟಿತು. 1866ರಲ್ಲಿ ಕೌಂಟಿ ಹುಟ್ಟಿತು. ತಪ್ಪಿಸಿಕೊಂಡು ಮರಳಿದವರು ತಮ್ಮದೇ ನೆಲದಲ್ಲಿ ಕೂಲಿಯಾದರು.

ಇದಾದ ಮೇಲೆ, 1905ರ ಹೊತ್ತಿಗೆ, ಬಂದದ್ದು ಲಾಸ್ ಏಂಜಲೀಸ್. ನಗರದ ಮಾಜಿ ಮೇಯರ್ ಫ್ರೆಡ್ ಈಟನ್ ಜಮೀನು ಖರೀದಿಸುತ್ತಾ ಹೋದಾಗ, ಕೇಂದ್ರ ಸರ್ಕಾರದ ನೀರಾವರಿ ಯೋಜನೆಗೇ ಇರಬೇಕೆಂದು ರೈತರು ನಂಬಿದರು. ಆ ಯೋಜನೆಯ ಎಂಜಿನಿಯರ್ ಲಿಪಿನ್‌ಕಾಟ್ ಅತ್ತ ಸರ್ಕಾರದ ಸಂಬಳ, ಇತ್ತ ನಗರದ ಸಂಭಾವನೆ ಎರಡನ್ನೂ ಪಡೆಯುತ್ತಿದ್ದ! 1913ರ ನವೆಂಬರ್‌ನಲ್ಲಿ ಸುಮಾರು 375 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ, ಒಂದು ಪಂಪೂ ಇಲ್ಲದೆ, ನೀರು ನಗರ ಮುಟ್ಟಿತು. ಮುಂದಿನ ದಶಕದಲ್ಲಿ ಓವೆನ್ಸ್ ಸರೋವರ ಒಣಗಿತು. ಅದರ ತಳದ ಉಪ್ಪುಧೂಳು ಎಷ್ಟೋ ವರ್ಷ ಊರವರ ಶ್ವಾಸಕೋಶ ಸೇರಿತು.

ರೈತರು ಸುಮ್ಮನಿರಲಿಲ್ಲ ಎನ್ನುವುದು ನಿಜ. 1924ರಲ್ಲಿ ಅಲಬಾಮಾ ಗೇಟ್ಸ್ ಎಂಬಲ್ಲಿ ನಗರದ ಕಾಲುವೆಯ ತೂಬು ಎತ್ತಿ ನೀರನ್ನು ಕಣಿವೆಗೇ ಬಿಟ್ಟರು. ನಾಲ್ಕು ದಿನ ಅಲ್ಲಿ ಜಾತ್ರೆ: ಹೆಂಗಸರು, ಮಕ್ಕಳು, ಬೆಂಕಿಯ ಮೇಲೆ ಮಾಂಸ, ಹತ್ತಿರದಲ್ಲಿ ಚಿತ್ರೀಕರಣಕ್ಕೆ ಬಂದಿದ್ದ ನಟ ಟಾಮ್ ಮಿಕ್ಸ್ ವಾದ್ಯದವರನ್ನೂ ಕಳುಹಿಸಿದ. ಡೈನಮೈಟ್ ಸಿಡಿತವೂ ನಡೆಯಿತು. ಆದರೆ ಹೋರಾಟ ಮುರಿದದ್ದು ನಗರದ ಪೊಲೀಸರಿಂದಲ್ಲ. ಮುಂದಾಳುಗಳಾದ ವಾಟರ್‌ಸನ್ ಸಹೋದರರ ಬ್ಯಾಂಕ್ 1927ರಲ್ಲಿ ಬಾಗಿಲು ಹಾಕಿತು, ಹಣ ದುರುಪಯೋಗಕ್ಕಾಗಿ ಇಬ್ಬರೂ ಜೈಲಿಗೆ ಹೋದರು. ಊರವರ ಉಳಿತಾಯವೂ ಹೋಯಿತು.

ನಗರ ಕೊಂಡ ಊರುಗಳಲ್ಲಿ ಮಾನ್ಜಾನಾರ್ ಒಂದು. ಸೇಬು, ಪೇರ್ ತೋಟಗಳ ಊರು. ರೈತರು ಬಿಟ್ಟುಹೋದ ಮೇಲೆ 1942ರಲ್ಲಿ, ಜಪಾನಿನೊಂದಿಗಿನ ಯುದ್ಧದ ನಡುವೆ, ಸೇನೆ ಅಲ್ಲಿ ಹತ್ತು ಸಾವಿರ ಜಪಾನಿ ಮೂಲದವರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿತು. ಬಹುಪಾಲು ಜನ ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಆಗ ಇಡೀ ಕೌಂಟಿಯಲ್ಲೂ ಅಷ್ಟು ಜನರಿರಲಿಲ್ಲ. ಪಾಳುಬಿದ್ದ ಹಣ್ಣಿನ ಮರಗಳನ್ನು ಸವರಿ, ನೀರುಣಿಸಿ ಮತ್ತೆ ಫಲ ಬರಿಸಿದವರು ಆ ಬಂದಿಗಳೇ.

ರೈತರ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಜಮೀನಿನ ಬೆಲೆಯಾದರೂ ಸಿಕ್ಕಿತು. 1939ರಲ್ಲಿ ಕೇಂದ್ರ ಸರ್ಕಾರವೂ ನಗರವೂ ಭೂಮಿ ಅದಲುಬದಲು ಮಾಡಿಕೊಂಡು ಬಿಷಪ್, ಬಿಗ್ ಪೈನ್, ಲೋನ್ ಪೈನ್‌ಗಳಲ್ಲಿ ಪೈಯೂಟರಿಗೆ ನೆಲ ಗೊತ್ತುಮಾಡಿದವು. ನೀರಿನ ಹಕ್ಕನ್ನು ಮಾತ್ರ ಆಮೇಲೆ ನೋಡೋಣ ಎಂದು ಬದಿಗಿಟ್ಟವು. ಎಂಬತ್ತು ವರ್ಷ ಕಳೆದರೂ ಆ ‘ಆಮೇಲೆ’ ಬಂದಿಲ್ಲ.