ಎಣಿಸಿದಿರಿ ಸರಿ, ಓದಿದಿರಾ?

ನಿನ್ನೆ ಒಂದು ಕಾಲೇಜಿಗೆ ಸಂದರ್ಶನಕ್ಕೆ ವಿಷಯ ತಜ್ಞನಾಗಿ ಹೋಗಿದ್ದೆ. ಪ್ರಾಣಿಶಾಸ್ತ್ರದ ಒಂದೇ ಒಂದು ಹುದ್ದೆ. ಮನೆಗೆ ಬಂದು ಊಟ ಮಾಡಿ ಮಲಗಿದರೂ ಸಿಟ್ಟು ಇಳಿಯಲಿಲ್ಲ.

ಒಬ್ಬ ಹುಡುಗಿ ಬಂದಿದ್ದಳು. ಹಣ್ಣಿನ ನೊಣದ ತಳಿಶಾಸ್ತ್ರದಲ್ಲಿ ಪಿಎಚ್‌ಡಿ. ಒಟ್ಟು ಮೂರು ಸಂಶೋಧನಾ ಪೇಪರ್. ಮೂರೂ ಬೇರೆಯವರ ಜೊತೆ ಸೇರಿ ಮಾಡಿದ ಕೆಲಸ. ಎರಡರಲ್ಲಿ ಅವಳ ಹೆಸರು ಎರಡನೆಯದು. ನನ್ನ ಪಕ್ಕದಲ್ಲಿ ಕೂತಿದ್ದವರು ಕ್ಯಾಲ್ಕ್ಯುಲೇಟರ್ ತೆಗೆದರು. ಒಂದು ಪೇಪರಿನ ಅಂಕದಲ್ಲಿ ಮೊದಲ ಹೆಸರಿಗೆ 70 ಪರ್ಸೆಂಟ್, ಉಳಿದ ಒಬ್ಬೊಬ್ಬರಿಗೂ 30. ಕೂಡಿಸಿ ಶೀಟಿನಲ್ಲಿ ಬರೆದರು. 'ಪೇಪರ್ ಕಡಿಮೆ ಆಯ್ತಲ್ಲಮ್ಮಾ' ಎಂದರು. ಅವಳು ಏನು ಕಂಡುಹಿಡಿದಳು ಎಂದು ಒಬ್ಬರೂ ಕೇಳಲಿಲ್ಲ.

ನಾನೂ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಸಂಶೋಧನೆಗೆಂದು ನೊಣ ಸಾಕಿದವನು. ರವೆ, ಬೆಲ್ಲ, ಅಗರ್ ಹಾಕಿ ಕುದಿಸಿ ನೊಣಗಳಿಗೆ ಊಟ ತಯಾರಿಸುತ್ತಿದ್ದೆವು. ಆಗ ನಮಗೆ ದೊಡ್ಡ ಹೆಸರು ಅಂದರೆ ಒಬೈದ್ ಸಿದ್ದೀಕಿ. 1962ರಲ್ಲಿ ಹೋಮಿ ಭಾಭಾ ಕರೆದರು ಎಂದು ಮುಂಬೈಗೆ ಬಂದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣ್ವಿಕ ಜೀವಶಾಸ್ತ್ರ ವಿಭಾಗ ಕಟ್ಟಿದವರು. ಆಮೇಲೆ ನಮ್ಮ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದರು. 2013ರಲ್ಲಿ ಇಲ್ಲೇ ತೀರಿಕೊಂಡರು.

ಅವರ ಪೇಪರ್‌ಗಳ ಪಟ್ಟಿ ತೆಗೆದು ನೋಡಿ. ಹಲವು ಕಡೆ ಹೆಸರುಗಳು ಜೋಡಿಯಾಗಿ ಸಿಗುತ್ತವೆ. 1962ರಲ್ಲಿ ವಿಜ್ಞಾನಿ ಅಲನ್ ಗರೆನ್ ಜೊತೆ. ಅಲ್ಲಿ ಸಿದ್ದೀಕಿ ಹೆಸರು ಎರಡನೆಯದು. ಅಂದರೆ ನಿನ್ನೆಯ ಹುಡುಗಿಯ ಜಾಗ! 1976ರಲ್ಲಿ ಇನ್ನೊಬ್ಬ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ. ಬಿಸಿ ಹೆಚ್ಚಾದರೆ ಕೈಕಾಲು ಸೋತು ಬೀಳುವ, ತಂಪಾದರೆ ಮತ್ತೆ ಏಳುವ ನೊಣಗಳ ಬಗ್ಗೆ ಬರೆದರು. ಅದರಲ್ಲಿ ಒಂದಕ್ಕೆ ಕೋಮಟೋಸ್ ಎಂದು ಹೆಸರು. ಆ ನೊಣದಲ್ಲಿ ಕೆಟ್ಟಿದ್ದ ಜೀನ್ ಯಾವುದು ಎಂದು ಗೊತ್ತಾಗಿದ್ದು 1990ರ ದಶಕದಲ್ಲಿ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕಳಿಸಲು ಬೇಕೇ ಬೇಕಾದ ಪ್ರೋಟೀನಿನ ಜೀನ್ ಅದು. ಸುಮಾರು 20 ವರ್ಷ ಕಾದು ಬಂದ ಉತ್ತರ. ಯಾವ ಶೀಟಿನಲ್ಲಿ ಅದಕ್ಕೆ ಕಾಲಂ ಇದೆ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1978ರ ಪೇಪರ್. ಸಿದ್ದೀಕಿ ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗಸ್ ಮೊದಲ ಹೆಸರು, ಗುರುವಿನದು ಆಮೇಲೆ. ಕೀನ್ಯಾದಲ್ಲಿ ಹುಟ್ಟಿ, ಡಬ್ಲಿನ್‌ನಲ್ಲಿ ಓದಿ, ಮುಂಬೈಗೆ ಪಿಎಚ್‌ಡಿ ಮಾಡಲು ಬಂದ ಹುಡುಗಿ. ವಾಸನೆ, ರುಚಿ ತಿಳಿಯುವುದರಲ್ಲಿ ಎಡವುವ ನೊಣಗಳನ್ನು ಆರಿಸಿ ತೆಗೆದರು. ಅಚ್ಚಾಗಿದ್ದು ವಿದೇಶದಲ್ಲಲ್ಲ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ನೊಣದಲ್ಲಿ ವಾಸನೆ ಹಿಡಿಯುವ ಪ್ರೋಟೀನುಗಳ ಜೀನ್‌ಗಳು ಸಿಕ್ಕಿದ್ದು 1999ರಲ್ಲಿ. ಇವರು 21 ವರ್ಷ ಮೊದಲೇ ಆ ದಾರಿಯಲ್ಲಿ ನಡೆಯುತ್ತಿದ್ದರು. ಇವತ್ತು ಆ ಪೇಪರ್ ಹಿಡಿದು ನಿನ್ನೆಯ ಕೋಣೆಗೆ ಬಂದಿದ್ದರೆ ಮೊದಲ ಪ್ರಶ್ನೆಯೇ 'ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?' ಅಂದರೆ, ಆ ಪತ್ರಿಕೆಯ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ.

ವಾಪಸ್ ಬರುವಾಗ ಕಾರಿನಲ್ಲಿ ಒಬ್ಬರು ಹೇಳಿದರು: 'ಸಾರ್, ಲೆಕ್ಕ ಇಲ್ಲದಿದ್ದರೆ ಜಾತಿ, ಶಿಫಾರಸು, ದುಡ್ಡು ಎಲ್ಲ ಒಳಗೆ ಬರುತ್ತೆ.' ಭಯ ನಿಜ, ಒಪ್ಪುತ್ತೇನೆ. ಆದರೆ ಲೆಕ್ಕ ಬಂದ ಮೇಲೆ ಅವು ಹೊರಗೆ ಹೋದವಾ? ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡಿದ್ದು ಯಾರಿಗಾಗಿ? ಲೆಕ್ಕ ಬೇಕಿದ್ದರೆ ಇರಲಿ. ಮೂರು ಪೇಪರಿನಲ್ಲಿ ಒಂದನ್ನಾದರೂ ಓದಿಕೊಂಡು ಬರಲು ಯಾರ ಅಡ್ಡಿ?

ಒಂದು ವಿಷಯ ಇಲ್ಲಿ ಹೇಳಲೇಬೇಕು. ಒಂದು ಪೇಪರಿನಲ್ಲಿ ನಾನು ನೊಣದ ಒಂದು ಬಾಟಲಿಯನ್ನೂ ಮುಟ್ಟದೆ ನನ್ನ ಹೆಸರಿದೆ. ಬಡ್ತಿಗೆ ಅಂಕ ಬೇಕಿತ್ತು, ಗೆಳೆಯ ಸೇರಿಸಿದ, ನಾನು ಬೇಡ ಅನ್ನಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಆ ಹುಡುಗಿ ಎರಡನೇ ಹೆಸರಿನಲ್ಲಿ ನಿಜವಾಗಿ ದುಡಿದಿದ್ದಾಳೆ, ಅವಳಿಗೆ 30. ಏನೂ ಮಾಡದ ನನಗೂ 30. ನಿನ್ನೆ ಆ ಕ್ಯಾಲ್ಕ್ಯುಲೇಟರ್ ಓಡುವಾಗಲೂ ನಾನು ಬಾಯಿ ಬಿಡಲಿಲ್ಲ. ತಜ್ಞ ಅಂತ ಕರೆಸಿದ್ದರು, ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ರಾತ್ರಿ ನಿದ್ದೆ ಬಾರದೆ ಅವಳ ಎರಡನೇ ಪೇಪರ್ ತೆಗೆದು ಓದಿದೆ. ಎರಡು ಸಲ ಓದಿದೆ. ನಾಲ್ಕನೇ ಚಿತ್ರದಲ್ಲಿ ಗಂಡು ನೊಣಕ್ಕೂ ಹೆಣ್ಣು ನೊಣಕ್ಕೂ ಬಂದಿರುವ ವ್ಯತ್ಯಾಸ ಯಾಕೆ ಅಂತ ಹೊಳೆಯಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು.