ಟ್ಯಾಬ್ಲೆಟ್ ಮುಟ್ಟುವ ಮೊದಲು ನಿಮ್ಮದೊಂದು ಅಂದಾಜು ಇರಲಿ

ವಿಮಾನ ಹಾರಿಸಲು ಕಲಿಯುವವರು ಈಗ ಐಪ್ಯಾಡ್ ಹಿಡಿದುಕೊಂಡೇ ಬರುತ್ತಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಫೋರ್‌ಫ್ಲೈಟ್‌ನಂಥ ಆ್ಯಪ್‌ನಲ್ಲಿ ಹೊರಡುವ ಜಾಗ, ಸೇರುವ ಜಾಗ ಹಾಕಿದರೆ ದಾರಿ, ಗಾಳಿ, ಇಂಧನ, ಸಮಯ ಎಲ್ಲದರ ಲೆಕ್ಕ ಬಂದುಬಿಡುತ್ತದೆ. ಚಾರ್ಟ್ (ಪೈಲಟ್‌ಗಳ ನಕ್ಷೆ) ಮೇಲೆ ನಮ್ಮ ವಿಮಾನ ಎಲ್ಲಿದೆ ಅಂತಲೂ ಕಾಣುತ್ತದೆ. ಗೊತ್ತಿಲ್ಲದ ದೊಡ್ಡ ಏರ್‌ಪೋರ್ಟ್‌ನಲ್ಲಿ ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಅದು ಎಷ್ಟು ನೆಮ್ಮದಿ ಅಂತ ಮಾಡಿದವರಿಗೇ ಗೊತ್ತು.

ಕಾಗದದ ಕಾಲವೇ ಚೆನ್ನಾಗಿತ್ತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಚಾರ್ಟ್‌ಗಳ ಮಾಹಿತಿ 28 ದಿನಗಳ ಲೆಕ್ಕದಲ್ಲಿ ಬದಲಾಗುತ್ತಿರುತ್ತದೆ. ಹಿಂದೆ ಪೈಲಟ್‌ಗಳು ಬೈಂಡರ್‌ನಿಂದ ಹಳೇ ಹಾಳೆ ಕಿತ್ತು ಹೊಸದನ್ನು ಸೇರಿಸುತ್ತಾ ಕೂರಬೇಕಿತ್ತು. ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಆ ಹಾಳೆಗಳನ್ನು ಹೊರುವ ಬ್ಯಾಗ್ ಬಿಟ್ಟು ಐಪ್ಯಾಡ್‌ಗೆ ಬಂತು. ಒಂದು ಬ್ಯಾಗ್ ಸುಮಾರು 16 ಕೆಜಿ ಇತ್ತು!

ಟ್ಯಾಬ್ಲೆಟ್ ಕೈಕೊಟ್ಟರೆ ಏನು ಗತಿ ಅಂತ ಎಲ್ಲರೂ ಕೇಳುತ್ತಾರೆ. ಕೈಕೊಡುತ್ತದೆ, ನಿಜ. 2015ರ ಏಪ್ರಿಲ್‌ನಲ್ಲಿ ಅದೇ ಅಮೆರಿಕನ್ ಏರ್‌ಲೈನ್ಸ್‌ನ ಪೈಲಟ್‌ಗಳು ಬಳಸುವ ಆ್ಯಪ್ ಕೆಟ್ಟು ಎಷ್ಟೋ ವಿಮಾನಗಳು ತಡವಾದವು. ಬಿಸಿಲಲ್ಲಿ ಕಾದರೆ ಐಪ್ಯಾಡ್ ತಾನಾಗೇ ನಿಂತುಹೋಗುತ್ತದೆ. ಆದರೆ ಪರದೆ ಕಪ್ಪಾದರೆ ನಮಗೆ ಗೊತ್ತಾಗುತ್ತದೆ. ಇನ್ನೊಂದು ಇಟ್ಟುಕೊಂಡಿದ್ದರೆ ಆಯಿತು.

ನನ್ನ ಭಯ ಚೆನ್ನಾಗಿ ಕೆಲಸ ಮಾಡುತ್ತಿರುವ ಟ್ಯಾಬ್ಲೆಟ್ ಬಗ್ಗೆ. 2014ರ ಆಗಸ್ಟ್ 1ರಂದು ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಒಂದು ಬೋಯಿಂಗ್ 737 ಟೇಕಾಫ್ ಆಗುವಾಗ ಬಾಲ ರನ್‌ವೇಗೆ ತಾಗಿತು. ವಿಮಾನದ ತೂಕ 76,400 ಕೆಜಿ. ಪೈಲಟ್‌ಗಳಲ್ಲಿ ಒಬ್ಬರು ಕಾಗದದ ಮೇಲೆ ಕೂಡುವಾಗ ಮುಂದಿನ ಮನೆಗೆ ಒಯ್ಯಬೇಕಾದ ಒಂದನ್ನು ಬಿಟ್ಟರು, 66,400 ಬಂತು. ಇನ್ನೊಬ್ಬರು ಐಪ್ಯಾಡ್‌ಗೆ ಅಂಕಿ ಹಾಕುವಾಗ 7ರ ಬದಲು 6 ಒತ್ತಿದರು. ಅಲ್ಲೂ 66,400! ಎರಡೂ ತಾಳೆಯಾದವು. ಆ್ಯಪ್ ತನಗೆ ಕೊಟ್ಟ ತೂಕಕ್ಕೆ ಸರಿಯಾಗಿಯೇ ಲೆಕ್ಕ ಹಾಕಿ, ಟೇಕಾಫ್‌ಗೆ ನಿಜವಾಗಿ ಬೇಕಾದ್ದಕ್ಕಿಂತ ಕಡಿಮೆ ವೇಗ ತೋರಿಸಿತು. ಹತ್ತು ಟನ್ ವ್ಯತ್ಯಾಸ. ಅಷ್ಟು ಅನುಭವ ಇದ್ದವರಿಗೇ ಹೀಗಾಯಿತು ಅಂದರೆ ಹೊಸಬರ ಪಾಡೇನು? ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಇಂಥ ತಪ್ಪನ್ನು ಹಿಡಿಯಲು ಎರಡನೇ ಟ್ಯಾಬ್ಲೆಟ್ ಸಾಲದು, ಅದಕ್ಕೂ ಅದೇ ಅಂಕಿ ಹಾಕುತ್ತೇವೆ ಅಲ್ವಾ? "ಈ ವೇಗ ಯಾಕೋ ಕಡಿಮೆ ಆಯ್ತು" ಅನ್ನಿಸಬೇಕು. ಹಾಗನ್ನಿಸಲು ತಲೆಯಲ್ಲಿ ಮೊದಲೇ ಒಂದು ಅಂದಾಜು ಇರಬೇಕು. ನಮ್ಮ ಪುಟ್ಟ ಸೆಸ್ನಾ ವಿಮಾನ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲು) ವೇಗದಲ್ಲಿದೆ, ಎದುರುಗಾಳಿ 20 ನಾಟ್, ದೂರ 80 ನಾಟಿಕಲ್ ಮೈಲು. ಒಂದು ಗಂಟೆ ಬೇಕು ಅಂತ ಬಾಯಲ್ಲೇ ಹೇಳಬಹುದು. ಆ್ಯಪ್ 40 ನಿಮಿಷ ಅಂದರೆ ಅದು ಗಾಳಿಯನ್ನು ಹಿಂದಿನಿಂದ ಬೀಸುತ್ತಿದೆ ಅಂದುಕೊಂಡಿದೆ. ಇಂಧನದ ಲೆಕ್ಕವೂ ಅಷ್ಟೇ ತಪ್ಪಿರುತ್ತದೆ.

ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಗಾಳಿ ತೆಳ್ಳಗಿರುತ್ತದೆ, ಟೇಕಾಫ್‌ಗೆ ರನ್‌ವೇ ಜಾಸ್ತಿ ಬೇಕು. ವಿಮಾನದ ಹ್ಯಾಂಡ್‌ಬುಕ್ಕಿನ ಕೋಷ್ಟಕದಲ್ಲಿ ಬೆರಳಿಟ್ಟು ಆ ದೂರವನ್ನು ತಾನೇ ಹುಡುಕಿದ ವಿದ್ಯಾರ್ಥಿಗೆ ತಪ್ಪು ಅಂಕಿ ಕಂಡರೆ ತಕ್ಷಣ ಚುಚ್ಚುತ್ತದೆ. ಹಾಗಾಗಿ ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಹಾರಾಟಕ್ಕೂ ಮುಂಚೆ ಸಮಯ, ಇಂಧನ, ಟೇಕಾಫ್ ದೂರ ಈ ಮೂರನ್ನು ಪೆನ್ಸಿಲ್‌ನಲ್ಲಿ ಬರೆಸಿ. ಆಮೇಲೆ ಐಪ್ಯಾಡ್ ಆನ್ ಮಾಡಲಿ.